ಗಿಡ್ಡ ನಳಿಗೆಯ ದೊಡ್ಡ ಗರ್ಜನೆ

ಕೋವಿ ಹಾರಿಸಿದಾಗ ಕೇಳಿಬರುವ ‘ಢಂ’ ಎಂಬ ಶಬ್ದ ಗುಂಡಿನದೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದರ ದೊಡ್ಡ ಪಾಲು ಗುಂಡಿನ ಬೆನ್ನಹಿಂದೆಯೇ ಹೊರನುಗ್ಗುವ ಅನಿಲದ್ದು. ತೋಟಾದೊಳಗಿನ ಮದ್ದು ಹೊತ್ತಿಕೊಂಡೊಡನೆ ಕಡುಬಿಸಿಯಾದ ಅನಿಲವಾಗಿ ಮಾರ್ಪಡುತ್ತದೆ. ಇಂದಿನ ರೈಫಲ್‌ಗಳಲ್ಲಿ ಅದರ ಒತ್ತಡವು ವಾಯುಮಂಡಲದ ಒತ್ತಡದ 3000 ಪಟ್ಟನ್ನೂ ಮೀರುವುದುಂಟು. ಗುಂಡನ್ನು ತಳ್ಳುತ್ತ, ನಳಿಗೆಯ ಉದ್ದಕ್ಕೂ ಹಿಗ್ಗುತ್ತ ಬಂದಂತೆ ಈ ಒತ್ತಡ ಕುಗ್ಗುತ್ತದೆ. ಆದರೂ ನಳಿಗೆಯ ಬಾಯಿಯನ್ನು ಮುಟ್ಟುವಾಗ ನೂರಾರು ಪಟ್ಟು ಉಳಿದೇ ಇರುತ್ತದೆ. ಗುಂಡು ಹೊರಬಿದ್ದೊಡನೆ ಆ ಅನಿಲ ಸುತ್ತಣ ಗಾಳಿಗೆ ಅಪ್ಪಳಿಸುತ್ತದೆ. ಸೋಡಾ ಸೀಸೆಯ ಗೋಲಿಯನ್ನು ಒತ್ತಿದಾಗ ಆಗುವುದೂ ಇದೇ. ಪ್ರಮಾಣ ಮಾತ್ರ ಬೇರೆ.

ಈಗ ನಳಿಗೆಯನ್ನು ಮೊಟಕು ಮಾಡಿದರೆ? ಅನಿಲಕ್ಕೆ ಹಿಗ್ಗಲು ಎಡೆ ಸಾಲದು. ಗುಂಡನ್ನು ತಳ್ಳಬೇಕಾಗಿದ್ದ ಶಕ್ತಿ ಬಾಯಿಯಲ್ಲಿ ಬೆಂಕಿಯಾಗಿ, ಶಬ್ದವಾಗಿ ವ್ಯರ್ಥವಾಗುತ್ತದೆ. ಹೆಚ್ಚು ಗರ್ಜಿಸುವ ಕೋವಿಯೇ ಹೆಚ್ಚು ಬಲವುಳ್ಳದ್ದೆಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ: ಒಂದೇ ತೋಟಾವನ್ನು ಗಿಡ್ಡ ನಳಿಗೆಯಿಂದ ಹಾರಿಸಿದರೆ ಸದ್ದು ಹೆಚ್ಚು, ಗುಂಡಿನ ವೇಗ ಕಡಿಮೆ.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಇದನ್ನು ಕಿವಿಯಾರೆ ಅರಿತರು. ಅವರ ಎಂ 16 ರೈಫಲ್ಲಿನ ನಳಿಗೆ 20 ಅಂಗುಲ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 990 ಮೀಟರು. ಕಾಡಿನಲ್ಲಿ ಹೊತ್ತು ತಿರುಗಲು ಸುಲಭವಾಗಲೆಂದು ಅದನ್ನೇ ಮೊಟಕುಗೊಳಿಸಿ ಎಕ್ಸ್‌ಎಂ 177 ಎಂಬುದನ್ನು ನಿರ್ಮಿಸಿದರು. ನಳಿಗೆ 10 ಅಂಗುಲಕ್ಕಿಳಿಯಿತು; ವೇಗ ನೂರು ಮೀಟರಿಗೂ ಹೆಚ್ಚು ತಗ್ಗಿತು; ಸದ್ದೂ ಬೆಂಕಿಯ ನಾಲಗೆಯೂ ಸಹಿಸಲಸಾಧ್ಯವಾದವು. ಬಾಯಿಗೆ ಶಬ್ದ ತಗ್ಗಿಸುವ ಉದ್ದನೆಯ ಸಾಧನವೊಂದನ್ನು ಜೋಡಿಸಬೇಕಾಯಿತು. ಸಾಲದೆ, 1967ರಲ್ಲಿ ನಳಿಗೆಯನ್ನೇ ಮತ್ತೆ ಒಂದೂವರೆ ಅಂಗುಲ ಬೆಳೆಸಿದರು. ಕತ್ತರಿಸಿ ಉಳಿಸಿದ ಅಂಗುಲಗಳಲ್ಲಿ ಒಂದು ಪಾಲು ಹೀಗೆ ಮರಳಿ ಬಂತು!

ಗುಂಡು ಶಬ್ದಕ್ಕಿಂತ ವೇಗವಾಗಿ ಸಾಗುವಾಗ ದಾರಿಯುದ್ದಕ್ಕೂ ಛಟೀರೆಂಬ ಇನ್ನೊಂದು ಸದ್ದನ್ನು ಎಬ್ಬಿಸುತ್ತದೆ. ಅದು ಬೇರೆಯೇ, ನಳಿಗೆಯ ಬಾಯಿಯ ಸ್ಫೋಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಿಡ್ಡ ನಳಿಗೆಯಿಂದ ಹೆಚ್ಚುವುದು ಕೆಲವೇ ಡೆಸಿಬೆಲ್ ಎಂದು ಅಲಕ್ಷಿಸುವಂತಿಲ್ಲ. ಡೆಸಿಬೆಲ್ಲಿನ ಲೆಕ್ಕ ಕೊಂಚ ಮೋಸಗಾರ: ಆರು ಡೆಸಿಬೆಲ್ ಏರಿದರೆ ಶಬ್ದದ ಒತ್ತಡ ಇಮ್ಮಡಿಯಾಗುತ್ತದೆ. ಕ್ಷಣಿಕ ಶಬ್ದವೂ 140 ಡೆಸಿಬೆಲ್ ದಾಟಿದರೆ ಕಿವಿಗೆ ಅಪಾಯ. ರೈಫಲ್ಲುಗಳು ಸಾಮಾನ್ಯವಾಗಿ 150ನ್ನು ಮೀರುತ್ತವೆ. ಇದರ ಮೇಲೆ ಗಿಡ್ಡ ನಳಿಗೆಯ ಬಾಯಿ ಹಾರಿಸುವವನ ಮುಖಕ್ಕೆ ಹತ್ತಿರ ಬೇರೆ. ಬಲಭುಜಕ್ಕೆ ಕೋವಿಯನ್ನು ಆನಿಸುವವನ ಎಡಗಿವಿ ಸ್ಫೋಟದತ್ತ ತಿರುಗಿರುತ್ತದೆ. ಬಲಗಿವಿಗೆ ತಲೆಯ ಮರೆಯಿರುತ್ತದೆ. ಅಂಥವರಲ್ಲಿ ಸಾಮಾನ್ಯವಾಗಿ ಎಡಗಿವಿಯೇ ಹೆಚ್ಚು ಮಂದವಾಗುವುದು ಇದರಿಂದ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟಲಾರವು.

ಮೆಷಿನ್‌ಗನ್ನನ್ನು ರೂಪಿಸಿದ ಹೈರಮ್ ಮ್ಯಾಕ್ಸಿಮ್, ತನ್ನ ಕೋವಿಗಳ ಸದ್ದಿಗೇ ಕಿವಿಗಳನ್ನು ತೆತ್ತು, ಮುಪ್ಪಿನಲ್ಲಿ ಕಿವುಡನಾದನು. ಆತನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಶಬ್ದಶಾಮಕಕ್ಕೆ ಪೇಟೆಂಟು ಪಡೆದನು. ಬಾಯಿಗೆ ಜೋಡಿಸಿದ ಆ ಡಬ್ಬಿಯೊಳಗೆ ಅನಿಲ ಹಿಗ್ಗಿ, ಸುತ್ತಿ, ತಣಿದು ಹೊರಬೀಳುತ್ತದೆ. ಅದೂ ಶಬ್ದವನ್ನು ತಗ್ಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಗುಂಡಿನ ಛಟೀರಂತೂ ಹಾಗೆಯೇ ಉಳಿಯುತ್ತದೆ. ಗುರಿಯಭ್ಯಾಸದ ಬಯಲಿನಲ್ಲಿ ಬಲ್ಲವರು ಕಿವಿಯೊಳಗೆ ಬೆಣೆಯನ್ನಿಟ್ಟು ಮೇಲೊಂದು ಮುಚ್ಚಳವನ್ನೂ ಧರಿಸುತ್ತಾರೆ.