ಮರೆಯಾದ ಒಂದು ಗಾಲ್ಫ್ ಪಂದ್ಯ

ಬೊಮ್ಮನಹಳ್ಳಿಯ ನಿವಾಸಿಗಳಾದ ನಮಗೆ ಗಾಲ್ಫ್ ಎಂಬುದು ಬಹುಮಟ್ಟಿಗೆ ಒಂದು ವಿಳಾಸದ ಹೆಸರು. ಹೊಸೂರು ರಸ್ತೆಯನ್ನು ಹಿಡಿದು, ಸಿಲ್ಕ್ ಬೋರ್ಡನ್ನು ದಾಟಿ, ಕೋರಮಂಗಲದ ಮಾರ್ಗವಾಗಿ ದೊಮ್ಮಲೂರಿನ ಕಡೆಗೆ ಕೆಲಸಕ್ಕೆ ಹೋಗುವವರು ‘ಗಾಲ್ಫ್ ಲಿಂಕ್ಸ್’ ಎಂಬ ಮಾತನ್ನು ದಿನವೂ ಆಡುವರು. ಆ ಹೆಸರಿನ ಕಚೇರಿಗಳಲ್ಲಿ ಸಹಸ್ರಾರು ಮಂದಿ ದುಡಿಯುವರು. ಆ ಕಟ್ಟಡಗಳ ಆಚೆಗೆ ನಿಜವಾಗಿಯೂ ಗಾಲ್ಫ್ ಬಯಲೊಂದು ಉಂಟು. ಅಲ್ಲಿ ಕೆಲವು ವರ್ಷಗಳ ಕಾಲ ಏಷ್ಯದ ನಾನಾ ದೇಶಗಳ ಆಟಗಾರರು ಬಂದು, ವಿನೋದಕ್ಕಾಗಿಯಲ್ಲ, ಜೀವನೋಪಾಯಕ್ಕಾಗಿ ಸೆಣಸಿದರು. ಆ ಪಂದ್ಯ ಈಗಿಲ್ಲ. ಅದು ಹೇಗೆ ಬೆಳೆಯಿತು, ಅದರಿಂದ ಯಾರಿಗೆ ಏನು ಲಭಿಸಿತು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ಸ್ಥಳದ ಮಾತು. ಈ ಬಯಲು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿಗೆ ಸೇರಿದುದು. ಪೂರ್ವದಲ್ಲಿ ಇದು ಚಲ್ಲಘಟ್ಟದ ಕೆರೆಯ ಅಂಗಳ. ಬೆಳ್ಳಂದೂರಿನ ಕಡೆಗೆ ಇಳಿದುಹೋಗುವ ಕೆರೆಗಳ ಸಾಲಿನಲ್ಲಿ ಅದೂ ಒಂದಾಗಿತ್ತು. ನೀರು ನಿಲ್ಲುತ್ತಿದ್ದೆಡೆಯಲ್ಲಿ ಇಂದು ಹುಲ್ಲು ಬೆಳೆದಿದೆ. ಊರು ಕಳೆದುಕೊಂಡುದು ಸಣ್ಣದಲ್ಲವೆಂಬುದನ್ನು ಮರೆಯದೆಯೇ ಮುಂದಿನ ಮಾತನ್ನು ಕೇಳಬೇಕು.

ಗಾಲ್ಫ್ ಆಟವಾದರೋ ನಮ್ಮ ನಗರಕ್ಕೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾಯಿತು. ಆದರೆ ದೀರ್ಘಕಾಲ ಇದು ಅಧಿಕಾರಿಗಳ ಮತ್ತು ಸ್ಥಿತಿವಂತರ ಹವ್ಯಾಸವಾಗಿಯೇ ಉಳಿದಿತ್ತು. ಆಟವನ್ನೇ ವೃತ್ತಿಯನ್ನಾಗಿ ಹಿಡಿದವರು ಹೆಚ್ಚಾಗಿ ಬೇರೆಯೇ ಬಾಗಿಲಿನಿಂದ ಬಂದರು. ಚೀಲ ಹೊರುವ ಕ್ಯಾಡಿಗಳು, ಹುಲ್ಲು ಕತ್ತರಿಸುವವರ ಮಕ್ಕಳು, ಉಳ್ಳವರ ಆಟವನ್ನು ಕಣ್ಣಿನಿಂದಲೇ ಕಲಿತವರು ಇವರು. 1991ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದ ಅಲಿ ಶೇರ್ ಮೊದಲು ಕ್ಯಾಡಿಯಾಗಿದ್ದವರು. 2008ರಲ್ಲಿ ದೆಹಲಿಯ ಇಂಡಿಯನ್ ಮಾಸ್ಟರ್ಸ್ ಗೆದ್ದ ಚೌರಾಸಿಯಾ ಅವರು ಕಲ್ಕತ್ತೆಯ ಗಾಲ್ಫ್ ಬಯಲಿನ ಹುಲ್ಲನ್ನು ನೋಡಿಕೊಳ್ಳುತ್ತಿದ್ದವರೊಬ್ಬರ ಮಗ.

ಇಂತಹವರ ಜೀವನ ಹೇಗೆ ಸಾಗುವುದೆಂಬುದನ್ನು ಅರಿಯದೆ ಪಂದ್ಯದ ಬೆಲೆ ತಿಳಿಯದು. ವೃತ್ತಿಯ ಪಂದ್ಯವು ಸಾಮಾನ್ಯವಾಗಿ ನಾಲ್ಕು ದಿನ ನಡೆಯುವುದು. ದಿನಕ್ಕೆ 18 ಕುಳಿಗಳಂತೆ ಒಟ್ಟು 72. ಚೆಂಡನ್ನು ಎಲ್ಲಾ ಕುಳಿಗಳಿಗೂ ಅತಿ ಕಡಮೆ ಹೊಡೆತಗಳಲ್ಲಿ ಸೇರಿಸಿದವನೇ ವಿಜಯಿ. ಎರಡು ದಿನಗಳಾದ ಮೇಲೆ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೈಬಿಡುವರು. ಇದಕ್ಕೆ ‘ಕಟ್’ ಎಂದು ಹೆಸರು. ಹಾಗೆ ಹೊರಬಿದ್ದವನಿಗೆ ಬಹುಮಾನದ ಹಣದಲ್ಲಿ ಕಾಸೂ ದೊರೆಯದು. ಪ್ರಯಾಣ, ವಸತಿ, ಕ್ಯಾಡಿಯ ಕೂಲಿ ಇವೆಲ್ಲ ಅವನ ಕೈಯಿಂದಲೇ ಹೋಗತಕ್ಕವು. ಒಂದೇ ಹೊಡೆತ ಹೆಚ್ಚಾದುದರಿಂದ ವಾರದ ದುಡಿಮೆ ಬರಿದಾಗುವುದುಂಟು. ಹೀಗಿರಲು, ಪರದೇಶದ ಪಂದ್ಯಕ್ಕೆ ಹೋಗಲು ಶಕ್ತಿಯಿಲ್ಲದ ತರುಣನಿಗೆ ಸ್ವಂತ ಊರಿನಲ್ಲಿ ನಡೆಯುವ ಪಂದ್ಯವು ಎಂತಹ ಭಾಗ್ಯವೆಂಬುದನ್ನು ನಾವೇ ಊಹಿಸಬಹುದು.

2012ರಲ್ಲಿ ಇಂಡಿಯನ್ ಓಪನ್ ಪಂದ್ಯವು ಚಲ್ಲಘಟ್ಟದ ಈ ಬಯಲಿಗೆ ಬಂದಿತು. 1964ರಲ್ಲಿ ಆರಂಭವಾದ ಆ ಪಂದ್ಯ ಅದುವರೆಗೆ ಉತ್ತರ ದೇಶದಲ್ಲಿಯೂ ಕಲ್ಕತ್ತೆಯಲ್ಲಿಯೂ ನಡೆದುಕೊಂಡು ಬಂದಿದ್ದಿತು. ಥಾಯ್ಲೆಂಡಿನ ಥಾವೊರ್ನ್ ವಿರಾಚಂತ್ ಅವರು ಸ್ಕಾಟ್ಲೆಂಡಿನ ರಿಚೀ ರಾಮ್ಸೆ ಅವರೊಡನೆ ಸಮಸಮವಾಗಿ ಮುಗಿಸಿ, ಹೆಚ್ಚಿನ ಆಟದಲ್ಲಿ ಗೆದ್ದರು. ಅದು ಒಂದು ವರ್ಷದ ಅತಿಥಿ, ಬಂದಿತು, ಹೋಯಿತು. ಮರುವರ್ಷ, ಎಂದರೆ 2013ರಲ್ಲಿ, ‘ಟೇಕ್ ಸಲ್ಯೂಷನ್ಸ್ ಮಾಸ್ಟರ್ಸ್’ ಎಂಬ ಪಂದ್ಯವು ಹುಟ್ಟಿತು. ಹೆಸರು ಹಣ ಕೊಟ್ಟ ಚೆನ್ನೈನ ಕಂಪನಿಯದು. ಮೊದಲು ಅದು ಏಷಿಯನ್ ಡೆವಲಪ್‌ಮೆಂಟ್ ಟೂರ್ ಎಂಬ ಕೆಳಗಿನ ಪಂಕ್ತಿಗೆ ಸೇರಿದ್ದಿತು. ಕಲಿತು ಮೇಲೇರಬೇಕೆಂಬವರಿಗೆ ಆ ಪಂಕ್ತಿಯೇ ಮೊದಲ ಮೆಟ್ಟಿಲು.

2015ರಲ್ಲಿ ಅದನ್ನು ಗೆದ್ದವರು ನಮ್ಮವರೇ ಆದ ಎಸ್. ಚಿಕ್ಕರಂಗಪ್ಪ. ಬಿಡದಿಯ ಬಳಿಯ ಗಾಲ್ಫ್ ಬಯಲಿನ ನೆರೆಯ ಹಳ್ಳಿಯಲ್ಲಿ ಬೆಳೆದು, ಅಲ್ಲಿಯೇ ಆಟವನ್ನು ಕಲಿತವರು ಅವರು. ಊರಿನ ಪಂದ್ಯ ಊರಿನ ಹುಡುಗನಿಗೆ ಒದಗಿತು. ಮೆಟ್ಟಿಲೆಂದರೆ ಇದೇ.

2017ರಲ್ಲಿ ಪಂದ್ಯವು ಮೇಲಿನ ಪಂಕ್ತಿಯಾದ ಏಷಿಯನ್ ಟೂರಿಗೆ ಏರಿತು. ಆ ವರ್ಷ ಥಾಯ್ಲೆಂಡಿನ ಪೂಮ್ ಸಕ್ಸಾನ್ಸಿನ್ ಗೆದ್ದರು. 2018ರ ಆಗಸ್ಟಿನಲ್ಲಿ ಬಹುಮಾನದ ಮೊತ್ತ 3,50,000 ಡಾಲರು. ಅದರಲ್ಲಿ ನೂರಕ್ಕೆ 18ರಷ್ಟು ವಿಜಯಿಯ ಪಾಲು. ಅದನ್ನು ಪಡೆದವರು ವಿರಾಜ್ ಮಾದಪ್ಪ. ಇವರು ಕಲ್ಕತ್ತೆಯವರಾದರೂ ಮೂಲ ಕೊಡಗಿನದು. ಆಗ ಅವರ ವಯಸ್ಸು 20. ಏಷಿಯನ್ ಟೂರಿನಲ್ಲಿ ಗೆದ್ದ ಭಾರತೀಯರಲ್ಲಿ ಅಂದಿಗೆ ಅವರೇ ಅತಿ ಕಿರಿಯರು. ಹಣಕ್ಕಿಂತ ಹೆಚ್ಚಿನ ಲಾಭ ಇನ್ನೊಂದುಂಟು. ಇಂತಹ ಪಂದ್ಯವನ್ನು ಗೆದ್ದವನಿಗೆ ಮುಂದಿನ ಋತುವಿನ ಪಂದ್ಯಗಳಲ್ಲಿಯೂ ಆಡುವ ಹಕ್ಕು ದೊರೆಯುವುದು. ವಾರ ವಾರವೂ ಸ್ಥಾನಕ್ಕಾಗಿ ಕಾದು ನಿಲ್ಲಬೇಕಾದ ಕಷ್ಟ ಅವನಿಗೆ ತಪ್ಪುವುದು.

ಅನಂತರ ಏಷಿಯನ್ ಟೂರಿನ ಪಟ್ಟಿಯಲ್ಲಿ ಈ ಪಂದ್ಯದ ಹೆಸರು ಕಾಣಲಿಲ್ಲ. ಆರೇ ವರ್ಷಗಳಲ್ಲಿ ಹುಟ್ಟಿ, ಬೆಳೆದು, ಮುಗಿದ ಕಥೆಯಿದು. ಬಯಲು ಇದ್ದಲ್ಲಿಯೇ ಇದೆ, ಹುಲ್ಲೂ ಹಸುರಾಗಿಯೇ ಇದೆ. ರಾಷ್ಟ್ರೀಯ ಮಟ್ಟದ ಪಂದ್ಯಗಳು ಅಲ್ಲಿ ಆಮೇಲೂ ನಡೆದಿವೆ.

ಇದರಿಂದ ನಾವು ಅರಿಯತಕ್ಕದ್ದೇನು? ಸಂಸ್ಥೆಯ ಹೆಸರನ್ನು ಹೊತ್ತ ಪಂದ್ಯವು ಪರರ ಚೀಲದ ದುಡ್ಡಿನಿಂದ ಬದುಕುವುದು. ಕಂಪನಿಯ ಉದಾರತೆ ಪ್ರಶಂಸನೀಯವೇ ಸರಿ. ಆದರೆ ಅದು ಮಳೆಯಂತೆ, ಬಂದ ವರ್ಷ ಬಂದೀತು. ನಮ್ಮ ಹಿರಿಯರು ಮಳೆಯನ್ನು ನಂಬಿ ಸುಮ್ಮನಿರದೆ ಕೆರೆ ಕಟ್ಟಿದರು. ಆಟದ ಮೇಲೂ ಅಂತಹ ಒಂದು ಕೆರೆ ಬೇಕು: ಕ್ಲಬ್ಬು, ಸರ್ಕಾರ, ಹಲವು ಸಂಸ್ಥೆಗಳು ಕೂಡಿ ಸಣ್ಣ ಮೊತ್ತವನ್ನಾದರೂ ವರ್ಷ ವರ್ಷವೂ ತಪ್ಪದೆ ಒದಗಿಸುವ ಏರ್ಪಾಡು. ಕೆರೆಯ ಅಂಗಳವನ್ನೇ ಆಟದ ಬಯಲಾಗಿ ಪಡೆದ ಊರು ಇಷ್ಟನ್ನಾದರೂ ಮಾಡಿದರೆ, ಇಂದು ಯಾರದೋ ಚೀಲವನ್ನು ಹೊತ್ತು ನಡೆಯುತ್ತಿರುವ ಹುಡುಗನಿಗೆ ನಾಳೆ ಕಾಲಿಡಲು ಮೆಟ್ಟಿಲೊಂದು ಉಳಿದೀತು.