ಹೊಳಪು ಬಾಗುವ ರೇಖೆ

ಕಿನ್ನಾಳದ ಚಿತ್ರಗಾರರು ಗೊಂಬೆಯ ಒಡವೆಗಳಿಗೆ ಲಾಜವಾರ ಹಚ್ಚುತ್ತಾರೆ. ತವರವನ್ನು ಅಂಟಿನೊಂದಿಗೆ ಕಲಸಿ ಮಾಡುವ ಈ ಲೇಪಕ್ಕೆ ಚಿನ್ನವಿಲ್ಲದೆಯೇ ಚಿನ್ನದ ಮೆರುಗು ಬರುತ್ತದೆ. ಅಂಥ ಗೊಂಬೆಯನ್ನು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆಯುವಾಗ ಬೆಳಕು ತುಸು ಹೆಚ್ಚಾದರೂ ಕಿರೀಟದ ಮೇಲೆ ಬರಿಯ ಬಿಳಿ ಮಚ್ಚೆ ಬೀಳುತ್ತದೆ. ರೋಲ್ ಹಾಕಿ ತೆಗೆಯುತ್ತಿದ್ದ ಕಾಲದಲ್ಲಿ ಹೊಳಪು ಹಳದಿಯಿಂದ ಬಿಳಿಗೆ ಮೆಲ್ಲಗೆ ಏರುತ್ತಿತ್ತು. ಹೀಗೇಕೆ ಎಂಬುದಕ್ಕೆ ಉತ್ತರ 1890ರಲ್ಲೇ ಸಿಕ್ಕಿತ್ತು.

ಇಂಗ್ಲೆಂಡಿನ ವಿಡ್ನೆಸ್‌ನ ಕ್ಷಾರ ಕಾರ್ಖಾನೆಯಲ್ಲಿ ಫರ್ಡಿನಂಡ್ ಹರ್ಟರ್ ರಸಾಯನ ತಜ್ಞ, ವೆರೊ ಡ್ರಿಫೀಲ್ಡ್ ಎಂಜಿನಿಯರ್. ಫೋಟೊ ತೆಗೆಯುವುದು ಇಬ್ಬರಿಗೂ ಹವ್ಯಾಸ. ಪ್ಲೇಟಿಗೆ ಎಷ್ಟು ಹೊತ್ತು ಬೆಳಕು ಬಿಡಬೇಕೆಂಬುದು ಆಗ ಬಹುಪಾಲು ಅಂದಾಜಿನ ಮಾತು. ದಿನವೂ ಅಳತೆ, ತೂಕದಲ್ಲೇ ಬದುಕುತ್ತಿದ್ದ ಇವರಿಗೆ ಅದು ಹಿಡಿಸಲಿಲ್ಲ. ಗಾಜಿನ ಪ್ಲೇಟಿನ ಒಂದೊಂದು ಪಟ್ಟಿಗೂ ಹಿಂದಿನದಕ್ಕಿಂತ ಹೆಚ್ಚು ಬೆಳಕು ಬಿಟ್ಟರು. ತೊಳೆದ ಮೇಲೆ ಯಾವ ಪಟ್ಟಿ ಎಷ್ಟು ಕಪ್ಪಾಗಿದೆಯೆಂದು ತಾವೇ ಕಟ್ಟಿದ ಉಪಕರಣದಲ್ಲಿ ಅಳೆದರು. ಬೆಳಕಿನ ಲಾಗರಿದಮ್ ಒಂದು ಕಡೆ, ಕಪ್ಪಿನ ಸಾಂದ್ರತೆ ಇನ್ನೊಂದು ಕಡೆ ಇಟ್ಟು ಚುಕ್ಕೆಗಳನ್ನು ಸೇರಿಸಿದಾಗ ರೇಖೆಯೊಂದು ಮೂಡಿತು: ಕೆಳಗೆ ನಿಧಾನಕ್ಕೆ ಎದ್ದು, ನಡುವೆ ನೆಟ್ಟಗೆ ಹತ್ತಿ, ಮೇಲೆ ಬಾಗಿ ಚಪ್ಪಟೆಯಾಗುವ ರೇಖೆ. ಫೋಟೊಗ್ರಫಿಯ ಇತಿಹಾಸದಲ್ಲಿ ನನಗೆ ಇದಕ್ಕಿಂತ ಸುಂದರವಾದ ಚಿತ್ರ ಇನ್ನೊಂದಿಲ್ಲ.

ಮೇಲಿನ ಆ ಬಾಗೇ ಲಾಜವಾರವನ್ನು ಕಾಪಾಡುತ್ತಿದ್ದದ್ದು. ಡಿಜಿಟಲ್ ಸೆನ್ಸರ್‌ಗೆ ಅದಿಲ್ಲ. ಬೆಳಕು ಎರಡರಷ್ಟಾದರೆ ವಿದ್ಯುದಂಶವೂ ಎರಡರಷ್ಟು. ತುಂಬಿತೋ, ಅಲ್ಲಿಗೆ ಮುಗಿಯಿತು. ಆದ್ದರಿಂದ ಫಿಲ್ಮಿನ ರೂಪ ಕೊಡುವ ಸಾಫ್ಟ್‌ವೇರ್ ಮೊದಲು ಬಗ್ಗಿಸಬೇಕಾದದ್ದು ಈ ರೇಖೆಯನ್ನು. ತೆಗೆಯುವಾಗಲೇ ಸುಟ್ಟುಹೋದ ಹೊಳಪನ್ನು ಮಾತ್ರ ಯಾವ ಸಾಫ್ಟ್‌ವೇರೂ ಮರಳಿ ತರದು. ಗೊಂಬೆಯನ್ನು ರಾ ಫೈಲಿನಲ್ಲಿ, ಕೊಂಚ ಕಡಿಮೆ ಬೆಳಕಿಗೆ ತೆಗೆದು, ನೆರಳನ್ನು ಆಮೇಲೆ ಎತ್ತಿಕೊಳ್ಳುವುದೇ ದಾರಿ. ಹಳದಿ ಬಳಿದು, ನಾಲ್ಕು ಗೀರು ಎಳೆದು ಹಳೆಯ ಫೋಟೊ ಎನ್ನುವ ಆ್ಯಪ್‌ಗಳು ಈ ರೇಖೆಯ ಕಡೆ ತಿರುಗಿಯೂ ನೋಡುವುದಿಲ್ಲ. ಕಿನ್ನಾಳದ ಗಾಢ ಕೆಂಪು ಅವುಗಳ ಕೈಗೆ ಸಿಕ್ಕರೆ ಇಟ್ಟಿಗೆಯ ಬಣ್ಣಕ್ಕಿಳಿಯುತ್ತದೆ.

ಸಿನಿಮಾ ಲೋಕದಲ್ಲಿ ಕೊಡಕ್ ಕಂಪನಿಯ ಸಿನಿಯಾನ್ ವ್ಯವಸ್ಥೆ ಫಿಲ್ಮಿನ ಸಾಂದ್ರತೆಯನ್ನೇ 1024 ಮೆಟ್ಟಿಲುಗಳ ಅಂಕಿಯಾಗಿ ಬರೆದಿಟ್ಟಿತು. 1937ರ ‘ಸ್ನೋ ವೈಟ್’ 1993ರಲ್ಲಿ ಹೀಗೇ ಕಂಪ್ಯೂಟರಿಗೆ ಹೋಗಿ, ಶುದ್ಧವಾಗಿ, ಮತ್ತೆ ಫಿಲ್ಮಿಗೆ ಬಂತು. ಬಣ್ಣಕ್ಕೆ ಎಸ್ಕಿಲ್ ಸ್ಟೀನ್‌ಬರ್ಗ್ ರೂಪಿಸಿದ ಹಾಲ್ಡ್ ಕೋಷ್ಟಕ ಸುಲಭದ ದಾರಿ ತೆರೆಯಿತು. 512 ಬಿಂದು ಅಗಲ, ಅಷ್ಟೇ ಎತ್ತರದ ಒಂದೇ ಚಿತ್ರದಲ್ಲಿ 2,62,144 ಬಣ್ಣಗಳು. ಫಿಲ್ಮಿನಲ್ಲಿ ಯಾವ ಬಣ್ಣ ಏನಾಗುತ್ತದೆಂದು ಸಾಫ್ಟ್‌ವೇರ್ ಅದರಲ್ಲಿ ನೋಡಿಕೊಳ್ಳುತ್ತದೆ. ಉಚಿತವಾಗಿ ಸಿಗುವ ರಾಥೆರಪಿ, ಜಿಮಿಕ್‌ಗಳಲ್ಲಿ ಇಂಥವನ್ನು ಬಳಸಬಹುದು.

ಉಳಿದದ್ದು ಕಣ. ಚಿತ್ರದ ತುಂಬ ಒಂದೇ ಸಮನೆ ಚುಕ್ಕೆ ಉದುರಿಸಿದರೆ ಅದು ಧೂಳಿನಂತೆ ಕಾಣುತ್ತದೆ, ಏಕೆಂದರೆ ಫಿಲ್ಮಿನಲ್ಲಿ ಚಿತ್ರವೇ ಕಣಗಳಿಂದ ಆದದ್ದು. 2017ರಲ್ಲಿ ಅಲಸ್ಡೇರ್ ನ್ಯೂಸನ್ ಮತ್ತು ಸಂಗಡಿಗರು ಈ ಮಾತನ್ನೇ ಹಿಡಿದು ಹೊರಟರು. ಅವರ ಲೆಕ್ಕದಲ್ಲಿ ಪ್ರತಿ ಕಣವೂ ಯಾದೃಚ್ಛಿಕವಾಗಿ ಬಿದ್ದ ಪುಟ್ಟ ಬಿಲ್ಲೆ. ಒಂದು ಜಾಗದಲ್ಲಿ ಎಷ್ಟು ಬಿಲ್ಲೆ ಬೀಳಬೇಕೆಂಬುದನ್ನು ಅಲ್ಲಿನ ಛಾಯೆಯೇ ನಿರ್ಧರಿಸುತ್ತದೆ. ಎಷ್ಟು ಹಿಗ್ಗಿಸಿದರೂ ಅಲ್ಲಿ ಚೌಕದ ಪಿಕ್ಸೆಲ್ ಎದ್ದು ಬರುವುದಿಲ್ಲ, ಬಿಲ್ಲೆಗಳ ಅಂಚೇ ಸ್ಪಷ್ಟವಾಗುತ್ತ ಹೋಗುತ್ತದೆ.