ಎರಡು ಈಡಿನ ನಡುವೆ

ಮುದಗಲ್ ಕೋಟೆಯ ದೊಡ್ಡ ಬುರುಜಿನ ತೋಪುಗಳನ್ನು ದೂರದಿಂದ ನೋಡಿ ವಾಪಸಾಗಬಾರದು. ಹತ್ತಿರ ಹೋಗಿ, ಬಾಯಿಯ ಬಳಿ ಬಗ್ಗಿ ನೋಡಬೇಕು. ಇವು ಒಂದೇ ಎರಕದಲ್ಲಿ ಹುಟ್ಟಿದವಲ್ಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಒತ್ತೊತ್ತಾಗಿ ದುಂಡಗೆ ನಿಲ್ಲಿಸಿ, ಹೊರಗಿನಿಂದ ಕಬ್ಬಿಣದ ಬಳೆಗಳನ್ನು ಸಾಲಾಗಿ ತೊಡಿಸಿ ಬಿಗಿದ ಕೊಳವೆಗಳು. ಬಂಡಿಯ ಗಾಲಿಗೆ ಹಳಿ ಹಾಕುವ ಕಮ್ಮಾರ ಕಬ್ಬಿಣವನ್ನು ಕೆಂಪಗೆ ಕಾಯಿಸಿ ತೊಡಿಸುತ್ತಾನಲ್ಲ, ಅದೇ ಜಾಣ್ಮೆ. ಬಿಸಿಯಲ್ಲಿ ಹಿಗ್ಗಿದ ಬಳೆ ಆರಿದಾಗ ಕುಗ್ಗಿ ಒಳಗಿನ ಪಟ್ಟಿಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು ಬಳೆ ಸಡಿಲವಿದ್ದರೂ ಸಾಕು, ಮದ್ದು ಶತ್ರುವಿನ ಕಡೆಗೆ ಹೋಗದೆ ತುಂಬಿದವನ ಕಡೆಗೇ ಸಿಡಿಯುತ್ತದೆ. ಆ ಬಿಗಿತವನ್ನು ನಂಬಿ ಪಕ್ಕದಲ್ಲಿ ನಿಂತವನು ಯಾರು, ಅವನ ಕೆಲಸ ಏನಿತ್ತು ಎಂಬುದನ್ನು ತಿಳಿಯಬೇಕೆಂದೇ ಈ ಬರಹ.

ಸಿಂಧನೂರಿನಿಂದ ಹೊರಟರೆ ಮಸ್ಕಿ, ಲಿಂಗಸುಗೂರು ದಾಟಿ ಮುದಗಲ್ ಬರುತ್ತದೆ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ನಡೆದಷ್ಟು ಕಾಳಗ ಕನ್ನಡ ನೆಲದ ಬೇರೆಲ್ಲೂ ನಡೆದಿರಲಾರದು. ಸಾವಿರ ವರ್ಷದ ಹಿಂದೆ ಚಾಲುಕ್ಯ ಜಯಸಿಂಹನೂ ರಾಜೇಂದ್ರ ಚೋಳನೂ ಮಸ್ಕಿಯಲ್ಲಿ ಎದುರಾದಾಗ ಆನೆ, ಕುದುರೆ, ಬಿಲ್ಲುಬಾಣಗಳಷ್ಟೇ ಇದ್ದವು. ಅದಾದ ಐನೂರು ವರ್ಷಕ್ಕೆ ಇದೇ ನಾಡಿಗೆ ಕರಿಮದ್ದು ಬಂದಿತ್ತು. ಮುದಗಲ್ಲಿನ ನೀರು ತುಂಬಿದ ಕಂದಕ, ಅದರ ಹಿಂದೆ ಸಾಲು ಬುರುಜು, ಅವುಗಳ ಹಿಂದೆ ಇನ್ನೂ ದಪ್ಪನೆಯ ಬುರುಜುಗಳ ಮತ್ತೊಂದು ಸಾಲು ನೋಡಿದರೆ, ತೋಪು ಬಂದ ಮೇಲೆ ಕೋಟೆಯನ್ನು ಮತ್ತೆ ಕಟ್ಟಿದ್ದಾರೆ ಎಂಬುದು ಗೊತ್ತಾಗುತ್ತದೆ.

ಮದ್ದಿಗೆ ಬೇಕಾದವು ಮೂರೇ: ಪೆಟ್ಲುಪ್ಪು, ಗಂಧಕ, ಇದ್ದಿಲು. ಗಂಧಕ ಹೊರಗಿನಿಂದ ಬರಬೇಕಿತ್ತು. ಇದ್ದಿಲಿಗೆ ಕೊರತೆಯಿರಲಿಲ್ಲ. ಪೆಟ್ಲುಪ್ಪಿಗೆ ಮಾತ್ರ ನೆಲ ಬಲ್ಲವರು ಬೇಕು. ಹಳೆಯ ಕೊಟ್ಟಿಗೆಯ, ಪಾಳುಗೋಡೆಯ ಬುಡದ ಮಣ್ಣನ್ನು ನೀರಿನಲ್ಲಿ ಕದಡಿ, ಬಸಿದು, ಕುದಿಸಿ ಹರಳು ತೆಗೆಯುವ ಕೆಲಸ ಅದು. ಚೌಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ನಮ್ಮ ಉಪ್ಪಾರರ ಕಸುಬಿಗೆ ತೀರ ಹತ್ತಿರದ್ದು. ಅರಸರ ಹೆಸರು ಶಾಸನದಲ್ಲಿ ಉಳಿಯಿತು, ಮಣ್ಣು ಬಸಿದವರ ಹೆಸರು ಎಲ್ಲೂ ಉಳಿಯಲಿಲ್ಲ.

ಇನ್ನು ತುಂಬುವ ಕೆಲಸ. ಕರಿಮದ್ದು ಪೂರ್ತಿ ಉರಿದು ಹೋಗುವ ವಸ್ತುವಲ್ಲ. ಅರ್ಧಕ್ಕಿಂತ ಹೆಚ್ಚು ಭಾಗ ದಟ್ಟ ಬಿಳಿ ಹೊಗೆಯಾಗಿ, ಕೊಳವೆಯೊಳಗೆ ಅಂಟುವ ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟದಲ್ಲಿ ಒಂದು ಕಿಡಿ ಜೀವ ಹಿಡಿದಿದ್ದರೆ, ಮುಂದಿನ ಮದ್ದು ಹಾಕುತ್ತಿರುವಾಗಲೇ ಕೈ ಹೋಗುತ್ತದೆ. ಆದ್ದರಿಂದ ಪ್ರತಿ ಈಡಿನ ಮೇಲೂ ತೋಪು ಹಾರಿಸುವ ಗೋಲಂದಾಜ ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ಕೊಳವೆಯನ್ನು ಒರೆಸಬೇಕು. ಆಮೇಲೆ ಮದ್ದು, ಅದರ ಮೇಲೆ ಒತ್ತಿ ತುರುಕಿದ ಬಟ್ಟೆಯೋ ನಾರೋ, ಕೊನೆಗೆ ಗುಂಡು. ಹಿಂಬದಿಯ ಕಿವಿಗೆ, ಎಂದರೆ ಸಣ್ಣ ತೂತಿಗೆ, ರಂಜಕದ ಪುಡಿ ಸುರಿದು, ಬತ್ತಿ ಮುಟ್ಟಿಸಿ, ಪಕ್ಕಕ್ಕೆ ಸರಿಯಬೇಕು. ದೊಡ್ಡ ತೋಪಿಗೆ ಇಷ್ಟೆಲ್ಲ ಆಗುವ ಹೊತ್ತಿಗೆ ಕುದುರೆಯೊಂದು ಬಯಲನ್ನೇ ದಾಟಿ ಬರಬಹುದು.

1520ರ ಮೇ ತಿಂಗಳಲ್ಲಿ ಆಗಿದ್ದೂ ಅದೇ. ರಾಯಚೂರು ಕೋಟೆಗೆ ಕೃಷ್ಣದೇವರಾಯ ಮುತ್ತಿಗೆ ಹಾಕಿದ್ದ. ಅದನ್ನು ಬಿಡಿಸಲು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆ ದಾಟಿ ಬಂದ. ಅವನ ಬಲವೆಲ್ಲ ತೋಪುಗಳಲ್ಲಿತ್ತು. ರಾಯರ ಮುಂದಿನ ಪಡೆ ಹತ್ತಿರ ಬಂದಾಗ ಬಹುತೇಕ ಎಲ್ಲ ತೋಪುಗಳೂ ಒಟ್ಟಿಗೇ ಹಾರಿದವು. ಸಾಲುಗಳು ಚೆದುರಿದವು, ಸೈನಿಕರು ಬೆನ್ನು ತೋರಿಸಿದರು. ಆದರೆ ಒಟ್ಟಿಗೆ ಹಾರಿದ ತೋಪುಗಳನ್ನು ಒಟ್ಟಿಗೇ ತುಂಬಬೇಕು. ಆ ಬಿಡುವಿನಲ್ಲಿ ರಾಯ ಉಳಿದ ಪಡೆಯೊಂದಿಗೆ ಮುನ್ನುಗ್ಗಿ, ಬಿಜಾಪುರದವರನ್ನು ಹೊಳೆಯತನಕ ಅಟ್ಟಿದ. ಕೆಲವು ವರ್ಷಗಳ ನಂತರ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಇದನ್ನೆಲ್ಲ ಬರೆದಿಟ್ಟ. ಚಿಕ್ಕವನ್ನು ಬಿಟ್ಟು 400 ದೊಡ್ಡ ತೋಪು, 900 ತೋಪಿನ ಬಂಡಿಗಳು ರಾಯರ ಕೈಸೇರಿದವು ಎಂಬುದು ಅವನ ಲೆಕ್ಕ. ರಾಬರ್ಟ್ ಸೆವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿಗೆ ತಿಳಿಯಿತು. ನಮ್ಮ ಪಠ್ಯಪುಸ್ತಕಗಳು ಈ ಗೆಲುವನ್ನು ರಾಯನ ಶೌರ್ಯಕ್ಕೆ ಬರೆದುಕೊಡುತ್ತವೆ. ಶೌರ್ಯವೇನೋ ಹೌದು. ಆದರೆ ಎರಡು ಈಡಿನ ನಡುವಿನ ಹೊತ್ತನ್ನು ಅಳೆದವನ ಗೆಲುವು ಅದು ಎಂದೂ ಮಕ್ಕಳಿಗೆ ಹೇಳಬೇಕು ಎನಿಸುತ್ತದೆ ನನಗೆ.

ಕಾಳಗದ ನಂತರ ಮುತ್ತಿಗೆ ಮತ್ತೆ ಮುಂದುವರಿಯಿತು. ಗೋಡೆಯ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರು. ಕಲ್ಲು ಕೀಳುವವರ ಮೇಲೆ ದಾಳಿಯಾಗದಂತೆ ಕ್ರಿಸ್ಟೋವಾವೊ ದ ಫಿಗೆರೇದೊ ಎಂಬ ಪೋರ್ಚುಗೀಸ್ ಧಣಿ ತನ್ನ 20 ಬಂದೂಕುದಾರರಿಂದ ಗೋಡೆಯ ಮೇಲೆ ತಲೆಯೆತ್ತಿದವರನ್ನು ಹೊಡೆಸಿದ. ಬಗ್ಗಿ ನೋಡಿದ ಕೋಟೆಯ ದಳಪತಿಯ ಹಣೆಗೇ ಗುಂಡು ಬಿತ್ತು, ಕೋಟೆ ಶರಣಾಯಿತು.

45 ವರ್ಷದ ಮೇಲೆ, 1565ರಲ್ಲಿ, ವಿಜಯನಗರವೂ ದಖ್ಖನಿನ ಸುಲ್ತಾನರೂ ಎದುರಾದ ರಕ್ಕಸಗಿ ತಂಗಡಗಿಯ ಕಾಳಗದಲ್ಲಿ ಲೆಕ್ಕ ತಿರುಗಿತು. ಸುಲ್ತಾನರ ತೋಪುಖಾನೆಯ ಚಲಬಿ ರೂಮಿ ಖಾನ್, ಶತ್ರು ತೀರ ಹತ್ತಿರ ಬಂದಾಗ ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನು ತೋಪಿಗೆ ತುಂಬಿಸಿದ ಎಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. ಒಂದು ಗುಂಡು ಹೋಗುವಲ್ಲಿ ಸಾವಿರ ಚೂರು ಹಾರಿದವು. ಇಂದಿನ ಚರೆ ತೋಟಾ ಮಾಡುವ ಕೆಲಸವೂ ಇದೇ.

ತೋಟಾದ ಇನ್ನೊಂದು ಬೀಜವೂ ಆ ಕಾಲದ್ದೇ. ಕೆಲವು ಸಣ್ಣ ತೋಪುಗಳಿಗೆ ಹಿಂಬದಿಯಲ್ಲಿ ತೆಗೆದಿಡುವ ಕೊಳವೆಗಳಿದ್ದವು. ಮೊದಲೇ ಮದ್ದು ತುಂಬಿಟ್ಟ ಕೊಳವೆ ಕೂರಿಸಿ ಹಾರಿಸುವುದು, ಖಾಲಿಯದನ್ನು ತೆಗೆದು ಇನ್ನೊಂದನ್ನು ಇಡುವುದು. ತೋಟಾ ಕೋವಿ ಬರುವ ಮುಂಚೆ ನಮ್ಮ ಕಡೆಯ ನಾಡಕೋವಿಗಳಲ್ಲೂ ಮಲೆನಾಡಿನ ಕೇಪಿನ ಕೋವಿಗಳಲ್ಲೂ ಗಜ ಹಾಕಿ ಜಡಿಯುವ ಹಳೆಯ ಕ್ರಮವೇ ನಡೆಯಿತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ರಾಯಚೂರು ಸೀಮೆಗೆ ಅಂಥ ವಿನಾಯಿತಿಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ತೋಟಾ ತುಂಬುವುದು ಅಪರಾಧ. ಹೊಲಕ್ಕೆ ಹಂದಿ ಬರುತ್ತದೆಂದು ಮದ್ದಿನ ಉಂಡೆ ಇಡುವವರು ಇದನ್ನು ನೆನಪಿಡಬೇಕು. ಅದನ್ನು ಕಚ್ಚುವುದು ಪಕ್ಕದ ಮನೆಯ ಎಮ್ಮೆಯೂ ಆಗಬಹುದು. ಮದ್ದು ತುಂಬುವ ಕೆಲಸ ಈಗ ಲಿಂಗಸುಗೂರು ತಾಲ್ಲೂಕಿನಲ್ಲಿ ದಿನವೂ ಕಾಣುವುದು ಹಟ್ಟಿ ಚಿನ್ನದ ಗಣಿಯ ಆಳದಲ್ಲಿ. ಅಲ್ಲಿನದು ಕರಿಮದ್ದಲ್ಲ, ತುಂಬುವುದು ಕಲಿತು ಪ್ರಮಾಣಪತ್ರ ಪಡೆದವರ ಕೆಲಸ.

ಮುದಗಲ್ಲನ್ನು ನಮ್ಮ ಜನ ಮೊಹರಂಗೆ ನೆನೆಯುತ್ತಾರೆ, ಅಲಾಯಿ ದೇವರಿಗೆ ಊರೂರಿಂದ ಬರುತ್ತಾರೆ. ಬಂದವರು ಬುರುಜನ್ನೂ ಹತ್ತಲಿ. ಪಟ್ಟಿ ಬಳೆಗಳ ಆ ತೋಪುಗಳಿಗೆ ನೆರಳಿನ ಒಂದು ಚಪ್ಪರ, ಹೇಗೆ ಮಾಡಿದರು, ಹೇಗೆ ತುಂಬುತ್ತಿದ್ದರು ಎಂದು ಹೇಳುವ ಕನ್ನಡದ ಒಂದು ಫಲಕ, ಇಷ್ಟನ್ನು ಸರ್ಕಾರ ಮಾಡಲಿ. ತುಕ್ಕಿಗೆ ಕಾಯುವ ವ್ಯವಧಾನವಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಪ್ರತಿ ವರ್ಷ ಹಂಪಿಗೆ ಹೊರಡುವ ಪ್ರವಾಸದ ಬಸ್ಸನ್ನು ಒಂದು ಸಲ ಮುದಗಲ್ ಕಡೆಗೂ ತಿರುಗಿಸಿ. ಲಿಂಗಸುಗೂರಿನಿಂದ ಅರ್ಧ ಗಂಟೆಯ ದಾರಿ.